ಮೂರು ಚಿಕ್ಕಿಯ ವೈರಿ

ಸೋಲುವುದಂತೂ ಸೋಲಲೇಬೇಕು, ಸೋಲುವುದಾದರೆ ದೊಡ್ಡ ಅಧಿಕಾರಿಯಾಗಿಯೇ ಸೋಲುತ್ತೇನೆ ಎಂದು ಟೇಲರ್ ರಾಜೇಸಾಬ ಹಟ ಹಿಡಿದು ಕೂತಿದ್ದ. ನಾಳೆ ಬೆಳಗಾದರೆ ಆಗಸ್ಟ್ ಹದಿನೈದು. ಶಾಲೆಯ ಬಯಲಿನಲ್ಲಿ ಝಂಡಾ ಏರಿಸಿದ ಮೇಲೆ ಅವನು ವೈರಿ ಸೈನ್ಯದವನಾಗಿ ಎರಡೂ ಕೈ ಎತ್ತಿ ನಿಲ್ಲಬೇಕು, ಮಾಜಿ ಸಿಪಾಯಿ ಹುಲಿಗೆಪ್ಪ ಅವನ ಎದೆಗೆ ಬಂದೂಕಿನ ಗುರಿಯಿಟ್ಟು ಸೆರೆ ಹಿಡಿಯಬೇಕು, ಊರು ಚಪ್ಪಾಳೆ ತಟ್ಟಬೇಕು. ಅದಕ್ಕಾಗಿ ನಿವೃತ್ತ ಪೋಸ್ಟಮನ್ನನ ಹಳೆಯ ಖಾಕಿ ಬಟ್ಟೆಯನ್ನು ಬಿಚ್ಚಿ ತನ್ನ ಅಳತೆಗೆ ತಾನೇ ಹೊಲಿದುಕೊಳ್ಳುತ್ತಿದ್ದ ರಾಜೇಸಾಬ, ಬಾಯಲ್ಲಿದ್ದ ದಾರದ ತುಂಡನ್ನು ಉಗುಳಿ, ಕ್ಯಾಪ್ಟನ್ನನ ಭುಜದ ಮೇಲೆ ನಕ್ಷತ್ರದಂಥ ಚಿಕ್ಕಿ ಎಷ್ಟು ಇರುತ್ತವೆ ಎಂದು ಕೇಳಿದ. ಅಂಗಡಿಯ ಹೊರಗಿನ ಕಲ್ಲಿನ ಮೇಲೆ ಕೂತಿದ್ದ ಹುಲಿಗೆಪ್ಪನ ಬಾಯಿಂದ, ಯೋಚನೆಗೂ ಮುಂಚೆ, ಮೂರು ಎಂಬ ಮಾತು ಬಿದ್ದುಹೋಯಿತು. ಎರಡು ಅನ್ನಬಹುದಿತ್ತು, ಒಂದು ಅನ್ನಬಹುದಿತ್ತು, ಹವಾಲ್ದಾರನಾಗಪ್ಪ ಸಾಕು ಅನ್ನಬಹುದಿತ್ತು. ಇಡೀ ಊರಿನಲ್ಲಿ ಈ ಚಿಕ್ಕಿಗಳ ವಿಷಯ ಗೊತ್ತಿದ್ದವನು ತಾನೊಬ್ಬನೇ; ಸುಳ್ಳು ಹೇಳಿದ್ದರೆ ತಪ್ಪು ಹಿಡಿಯುವವರು ಯಾರಿದ್ದರು? ಅಷ್ಟರಲ್ಲಿ ರಾಜೇಸಾಬ ಸಿಗರೇಟು ಪಾಕೀಟಿನ ಒಳಗಿನ ಬೆಳ್ಳಿಕಾಗದವನ್ನು ಕತ್ತರಿಸಿ ಒಂದೊಂದೇ ಚಿಕ್ಕಿ ಮಾಡತೊಡಗಿದ್ದ.

"ನಮ್ಮೂರಾಗ ವೈರಿ ಎಲ್ಲಿ ಸಿಗ್ತಾನಂತ ಮಾಸ್ತರು ಎಂಟ ದಿನ ಹುಡಿಕ್ಯಾಡಿದ್ರು, ಹುಲಿಗೆಪ್ಪಣ್ಣ," ಎಂದ ಕತ್ತರಿ ಆಡಿಸುತ್ತಲೇ. "ಹುಡಿಕಿ ಹುಡಿಕಿ ನನ್ನ ಅಂಗಡಿ ಮುಂದ ಬಂದು ಸುಮ್ನ ನಿಂದರ್ತಿದ್ರು. ಪಾಪ, ಬಾಯಿ ಬಿಟ್ಟು ಕೇಳಾಕ ಅವರಿಗೂ ನಾಚಿಕಿ. ಕಡೀಕ ನಾನ ಹೂಂ ಅಂದ್ಬಿಟ್ಟೆ."

ಹೇಳಿ ನಕ್ಕ. ಹುಲಿಗೆಪ್ಪನೂ ನಗಬೇಕೆಂದು ಬಾಯಿ ಅಗಲಿಸಿದ, ಆದರೆ ನಗು ಬರಲಿಲ್ಲ. ಊರಿನ ಅರ್ಧ ಮಂದಿಯ ಅಂಗಿ ಈ ರಾಜೇಸಾಬನ ಕೈಯಲ್ಲಿ ಹೊಲಿದದ್ದು. ಮದುಮಕ್ಕಳ ರುಮಾಲು ಕಟ್ಟುವವನೂ ಅವನೇ. ವರ್ಷಕ್ಕೊಮ್ಮೆ ಯಮನೂರಿನ ದರ್ಗಾಕ್ಕೆ ಊರವರು ಚಕ್ಕಡಿ ಹೂಡಿದರೆ ಮುಂದಿನ ಚಕ್ಕಡಿಯಲ್ಲಿ ಕೂರುವವನೂ ಅವನೇ. ಹೀಗಿದ್ದೂ ವೈರಿ ಬೇಕಾದಾಗ ಎಲ್ಲರ ಕಾಲುಗಳೂ ತಾವಾಗಿಯೇ ಇವನ ಅಂಗಡಿಯ ಕಡೆಗೆ ತಿರುಗಿದ್ದವು. ತನ್ನ ಕಾಲೂ ಇವತ್ತು ತಿರುಗಿತಲ್ಲ ಎಂದು ಹುಲಿಗೆಪ್ಪ ತನ್ನ ಚಪ್ಪಲಿಯನ್ನೇ ನೋಡಿಕೊಂಡ. ಅದಕ್ಕೆ ಎರಿಮಣ್ಣು ಮೆತ್ತಿ ಒಂದೊಂದು ಸೇರಿನಷ್ಟು ಭಾರವಾಗಿತ್ತು. ಬೆರಳಿನಿಂದ ಕೆರೆದು ತೆಗೆಯುತ್ತಾ ಕೂತ.

ನಿಜ ಹೇಳಬೇಕೆಂದರೆ ಹುಲಿಗೆಪ್ಪ ಯಾರನ್ನೂ ಸೆರೆ ಹಿಡಿದವನಲ್ಲ. ಎಪ್ಪತ್ತೊಂದರ ಯುದ್ಧ ಹದಿನಾಲ್ಕೇ ದಿನಕ್ಕೆ ಮುಗಿದಾಗ ಅವನಿನ್ನೂ ರೈಲಿನಲ್ಲಿದ್ದ. ಇಳಿಸಿದ್ದು ಮಧ್ಯಪ್ರದೇಶದ ಒಂದು ಕ್ಯಾಂಪಿನಲ್ಲಿ. ಶರಣಾಗಿ ಬಂದವರನ್ನು ಬೆಳಿಗ್ಗೆ ಎಣಿಸಿ, ಸಂಜೆ ಎಣಿಸಿ, ನಡುವೆ ತಂತಿಬೇಲಿಯ ಹೊರಗೆ ನಿಲ್ಲುವ ಕೆಲಸ. ಎರಡು ವರ್ಷ ನಿಂತ. ಅಲ್ಲಿಂದ ಮನೆಗೆ ಕಳಿಸಿದ ಫೋಟೋದಲ್ಲಿ ಅವನು ಬಂದೂಕು ಹಿಡಿದು ಮುಂದೆ, ಬೇಲಿಯ ಹಿಂದೆ ನೂರಾರು ಮಂದಿ. ಅದನ್ನು ನೋಡಿದ ಊರು ಇವರನ್ನೆಲ್ಲ ನಮ್ಮ ಹುಲಿಗೆಪ್ಪನೇ ಹಿಡಿದದ್ದು ಎಂದುಕೊಂಡಿತು. ರಜೆಗೆ ಬಂದಾಗ ಅಲ್ಲವೆಂದು ಹೇಳಲು ನೋಡಿದ. ಮೊರಬದ ಬಸ್ಸಿನಲ್ಲಿ ಕಂಡಕ್ಟರ್ ಎದ್ದು ಸೀಟು ಕೊಟ್ಟ ಮೇಲೆ ಹೇಳುವುದನ್ನು ಮರುದಿನಕ್ಕೆ ಮುಂದೂಡಿದ. ಆ ಮರುದಿನ ಹನ್ನೆರಡು ವರ್ಷವಾದರೂ ಬಂದಿರಲಿಲ್ಲ. ಈಗ ಪಂಚಾಯತಿ ಚೇರ್ಮನ್ ಶಂಭುಲಿಂಗಪ್ಪನವರು ಸನ್ಮಾನ ಎಂಬ ಮಾತೆತ್ತಿದ್ದರು. ಶಾಲೆಯ ಕಟ್ಟೆಯ ಮೇಲೆ, ಊರಿನೆದುರು, ರುಮಾಲು. ಹುಲಿಗೆಪ್ಪನ ಕೇರಿಯಲ್ಲಿ ಹುಟ್ಟಿದ ಯಾವ ಗಂಡಸಿನ ತಲೆಗೂ ಊರು ಇಲ್ಲಿಯವರೆಗೆ ರುಮಾಲು ಸುತ್ತಿರಲಿಲ್ಲ. ಆ ಕೇರಿಯವರು ಕಟ್ಟೆ ತೊಳೆಯುವುದಕ್ಕೆ ಹತ್ತಿದ್ದರು, ಸುಣ್ಣ ಬಳಿಯುವುದಕ್ಕೆ ಹತ್ತಿದ್ದರು, ಕೂರುವುದಕ್ಕೆ ಹತ್ತಿರಲಿಲ್ಲ. ಆ ರುಮಾಲು ಅವನಿಗೆ ಬೇಕಾಗಿತ್ತು. ನಾಚಿಕೆ ಬಿಟ್ಟು ಹೇಳಬೇಕೆಂದರೆ, ಒಂದು ತಿಂಗಳಿನಿಂದ ಅವನಿಗೆ ಬೇರೆ ಏನೂ ಬೇಕಾಗಿರಲಿಲ್ಲ.

ರುಮಾಲಿಗೊಂದು ರೀತಿ ಇದೆ. ಹತ್ತು ಮೊಳದ ಬಟ್ಟೆಯನ್ನು ಹಿರಿಯರು ತಮ್ಮ ಕೈಯಾರೆ, ಹಣೆಯಿಂದ ಹಿಂದಲೆಗೆ, ಹಿಂದಲೆಯಿಂದ ಹಣೆಗೆ ಸುತ್ತಿ, ಕೊನೆಗೆ ನೆತ್ತಿಯ ಮೇಲೆ ಅಂಗೈ ಒತ್ತಿ ಸರಿಪಡಿಸಬೇಕು. ಆ ಅಂಗೈ ಒತ್ತುವುದೇ ಸನ್ಮಾನ, ಉಳಿದದ್ದು ಬಟ್ಟೆ. ಆದರೆ ಡ್ರಿಲ್ ಮಾಸ್ತರ ಮಡಿವಾಳೆಪ್ಪನವರು ಮೊನ್ನೆ ಕರೆಸಿ, ಈಗಿನ ಕಾಲದಲ್ಲಿ ಸುತ್ತುತ್ತ ನಿಂತರೆ ಹೊತ್ತಾಗುತ್ತದೆ, ಮಕ್ಕಳು ಬಿಸಿಲಿಗೆ ಬೀಳುತ್ತವೆ, ಅದಕ್ಕೇ ರಾಜೇಸಾಬ ತನ್ನ ಮೊಣಕಾಲ ಮೇಲೆ ಮೊದಲೇ ಸುತ್ತಿ ಇಟ್ಟಿರುತ್ತಾನೆ, ಚೇರ್ಮನ್ನರು ತಂದು ಹಾಗೇ ಟೊಪ್ಪಿಗೆಯಂತೆ ಇಟ್ಟುಬಿಡುತ್ತಾರೆ ಎಂದು ವಿವರಿಸಿದ್ದರು. ಎಷ್ಟು ಎತ್ತರದಿಂದ ಇಡುತ್ತಾರೆ ಎಂದು ಕೇಳಬೇಕೆನಿಸಿತ್ತು ಹುಲಿಗೆಪ್ಪನಿಗೆ, ಕೇಳಲಿಲ್ಲ. ಮುಟ್ಟುವ ಮಾತನ್ನು ಮಾಸ್ತರರೂ ಎತ್ತಲಿಲ್ಲ, ಇವನೂ ಎತ್ತಲಿಲ್ಲ. ಇಬ್ಬರೂ ಆಗಸ್ಟಿನ ಬಿಸಿಲಿನ ಬಗ್ಗೆ ಬಹಳ ಹೊತ್ತು ಮಾತಾಡಿದ್ದರು. ಆಮೇಲೆ ಬಂದೂಕಿನ ಮಾತು ಬಂತು. ಊರಿನಲ್ಲಿ ನಿಜವಾದ ಬಂದೂಕು ಇರುವುದು ಚೇರ್ಮನ್ನರ ಮನೆಯಲ್ಲಿ ಒಂದೇ. ಅದನ್ನು ಅವರೇ ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂರುವುದೆಂದೂ, ಹುಲಿಗೆಪ್ಪನಿಗೆ ಬಡಿಗೇರನು ಕಟ್ಟಿಗೆಯದೊಂದನ್ನು ಮಾಡಿಕೊಡುವುದೆಂದೂ ಗೊತ್ತಾಗಿತ್ತು.

ಕ್ಯಾಂಪಿನಲ್ಲಿ ಬಾಗಿಲ ಬಳಿ ಒಂದು ಕಾಗದ ಅಂಟಿಸಿದ್ದರು. ದೂರದ ಯಾವುದೋ ದೇಶದಲ್ಲಿ ದೊಡ್ಡವರು ಕೂತು ಬರೆದ ಕಾಯದೆ ಎಂದು ಸುಬೇದಾರರು ಅದನ್ನು ವಾರಕ್ಕೊಮ್ಮೆ ಓದಿ ಹೇಳುತ್ತಿದ್ದರು. ಸೋತವನಿಗೆ ಹೊಟ್ಟೆ ತುಂಬ ಕೊಡಬೇಕು. ಸೋತವನನ್ನು ಬೈಯಬಾರದು. ಅವನ ಸ್ವಂತ ಸಾಮಾನು ಮುಟ್ಟಬಾರದು. ಜನರೆದುರು ತಮಾಷೆಗೆ ನಿಲ್ಲಿಸಬಾರದು. ಅವನ ದರ್ಜೆಗೆ ತಕ್ಕ ಮರ್ಯಾದೆ ಕೊಡಬೇಕು. ಎಂದರೆ ಅವನು ಕ್ಯಾಪ್ಟನ್ ಆಗಿದ್ದರೆ, ಸಿಪಾಯಿ ಹುಲಿಗೆಪ್ಪ, ಗೆದ್ದಿದ್ದರೂ, ಸಲಾಮು ಹೊಡೆಯಬೇಕು. ಹುಲಿಗೆಪ್ಪ ಪ್ರತಿ ವಾರ ಕಿವಿಗೊಟ್ಟು ಕೇಳುತ್ತಿದ್ದ, ಕೇಳುತ್ತ ಕೇಳುತ್ತ ಅವನಿಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅಲ್ಲಿ ಸೆರೆಯಲ್ಲಿದ್ದ ಒಬ್ಬ ಕ್ಯಾಪ್ಟನ್ನನಿಗೆ ಚಹಾಕ್ಕೆ ಬೇರೆ ಕಪ್ಪು ಇಟ್ಟಿದ್ದರು, ಅದು ಮರ್ಯಾದೆ. ಊರಿನ ಹೊಟೆಲಿನಲ್ಲಿ ಹುಲಿಗೆಪ್ಪನಿಗೂ ಬೇರೆ ಕಪ್ಪೇ ಇತ್ತು, ಹಿಂದಿನ ಗೋಡೆಯ ಮೊಳೆಗೆ ತೂಗಿದ್ದು. ಕುಡಿದು ತೊಳೆದು ತಾನೇ ತೂಗಬೇಕು. ತಮ್ಮ ಕೇರಿಯವರು ಯಾವಾಗ, ಯಾರ ಕೈಯಲ್ಲಿ, ಎಂಥ ಯುದ್ಧದಲ್ಲಿ ಸೋತರೋ ಅವನಿಗೆ ತಿಳಿಯದು, ಸೋತದ್ದಂತೂ ನಿಜ. ಹಾಗಿದ್ದರೆ ಆ ದೊಡ್ಡವರು ಈ ಸೋಲಿಗೂ ಒಂದು ಕಾಗದ ಬರೆಯಲಿಲ್ಲವೇಕೆ ಎಂದು ತಂತಿಬೇಲಿಯ ಹೊರಗೆ ನಿಂತು ಎರಡು ಚಳಿಗಾಲ ಯೋಚಿಸಿದ್ದ.

ಮನೆಗೆ ಬಂದಾಗ ರೇಣುಕವ್ವ ಹೊಲದಿಂದ ಬಂದು ಹೆಸರುಕಾಯಿಯ ಗಂಟನ್ನು ಅಂಗಳದಲ್ಲಿ ಬಿಚ್ಚಿ ಹರವುತ್ತಿದ್ದಳು. ಗಂಡ ನಾಳೆ ತೊಡಬೇಕಾದ ಮಿಲಿಟರಿ ಅಂಗಿಯನ್ನು ಎರಡು ಸಲ ಒಗೆದು ಹಗ್ಗಕ್ಕೆ ಹಾಕಿದ್ದಳು. ಇಡೀ ಕೇರಿಯೇ ನಾಳೆ ಕೆಲಸ ಬಿಟ್ಟು ಬರುವುದಾಗಿಯೂ, ಫಕೀರವ್ವಾಯಿ ಕಣ್ಣು ಕಾಣದಿದ್ದರೂ ಚಪ್ಪಾಳೆಯನ್ನಾದರೂ ಕೇಳುತ್ತೇನೆ ಎಂದು ಹಟ ಹಿಡಿದಿರುವುದಾಗಿಯೂ ಹೇಳಿದಳು. ಹುಲಿಗೆಪ್ಪ ಹತ್ತಿರ ಕೂತು ಕಾಯಿ ಸುಲಿಯುತ್ತ, ನಾಳೆ ಹೋಗದಿದ್ದರೆ ಏನಾಗುತ್ತದೆ ಎಂದ. ಅವಳು ಕೈ ನಿಲ್ಲಿಸಿ ಅವನ ಮುಖ ನೋಡಿದಳು.

"ನಿಮಗ ಬ್ಯಾಡಂದ್ರ ಬ್ಯಾಡ. ಆದ್ರ ನಮ್ಮ ಮಂದಿ ತಲಿ ಮ್ಯಾಲ ಅದು ಒಮ್ಮೆ ಕುಂದರೂದು ನಾ ನೋಡಬೇಕಾಗೇತ್ರಿ."

ಹುಲಿಗೆಪ್ಪ ಇನ್ನೊಂದು ಕಾಯಿ ಸುಲಿದ. ಹೋಗಬಾರದೆನ್ನಲು ಇದ್ದ ಕಾರಣ ಅವಳಿಗೆ ಹೇಳುವಂಥದ್ದಾಗಿರಲಿಲ್ಲ. ಕ್ಯಾಂಪಿನ ಆ ಕ್ಯಾಪ್ಟನ್ ನಲವತ್ತು ದಾಟಿದ ಬಡಕಲು ಮನುಷ್ಯ, ಸದಾ ಕೆಮ್ಮುತ್ತಿದ್ದ. ಒಂದು ದಿನ ಬೇಲಿಯ ಆಚೆಯಿಂದ ನಿನ್ನ ಊರು ಯಾವುದೆಂದು ಕೇಳಿದ. ಧಾರವಾಡದ ಕಡೆ ಅಂದಾಗ ಅವನ ಮುಖ ಅರಳಿತು. ಆ ಕಡೆಯ ಹಾಡುಗಾರರ ಗ್ರಾಮಾಫೋನ್ ಪ್ಲೇಟುಗಳು ತಮ್ಮ ಮನೆಯಲ್ಲಿವೆ, ನೀನೂ ಹಾಡುತ್ತೀಯಾ ಎಂದ. ತಮ್ಮ ಮನೆಯಲ್ಲಿ ಹಲಗೆ ಬಾರಿಸುತ್ತಾರೆ ಎಂದು ಹುಲಿಗೆಪ್ಪ ಹೇಳಿದ್ದಕ್ಕೆ, ಹಾಗಾದರೆ ನೀನು ಕಲಾವಿದ ಎಂದು ಅವತ್ತಿನಿಂದ ಉಸ್ತಾದ್ ಎಂದೇ ಕರೆಯತೊಡಗಿದ. ಜೀವಮಾನದಲ್ಲಿ ಯಾರೂ ಹಾಗೆ ಕರೆದಿರಲಿಲ್ಲ. ಉಳಿದ ಪಹರೆಯವರು ಹುಲಿಗೆಪ್ಪನನ್ನು ಗೇಲಿ ಮಾಡಿದರು: ವೈರಿಯ ಉಸ್ತಾದ್ ಬಂದ ನೋಡಿ ಎಂದರು. ಆ ದಿನಗಳಲ್ಲೇ ಯಾರೋ ಒಬ್ಬ ಲಾಡಿಗಳನ್ನು ಗಂಟು ಹಾಕಿ ಗೋಡೆ ಹಾರಲು ನೋಡಿದನೆಂದು ಎಲ್ಲರ ಪೈಜಾಮದ ಲಾಡಿಗಳನ್ನೂ ಕಿತ್ತುಕೊಂಡಿದ್ದರು. ಬಂಗಾಳವನ್ನು ಕಳೆದುಕೊಂಡ ಸೈನ್ಯ ಎಡಗೈಯಲ್ಲಿ ಪೈಜಾಮ ಹಿಡಿದುಕೊಂಡು ಎಣಿಕೆಗೆ ನಿಲ್ಲುತ್ತಿತ್ತು. ಹಾಗೊಂದು ಬೆಳಿಗ್ಗೆ, ಗೇಲಿ ಮಾಡಿದವರೆಲ್ಲ ಬೆನ್ನ ಹಿಂದೆ ನಿಂತಿದ್ದಾಗ, ಹುಲಿಗೆಪ್ಪ ಕ್ಯಾಪ್ಟನ್ನನ ಮುಂದೆ ನಿಂತು, ಎರಡೂ ಕೈ ಮೇಲೆ ಎಂದು ಹಿಂದಿಯಲ್ಲಿ ಆಜ್ಞೆ ಮಾಡಿದ. ಕ್ಯಾಪ್ಟನ್ ಅವನನ್ನು ಒಂದು ಗಳಿಗೆ ನೋಡಿದ. ಎತ್ತಿದ. ಪೈಜಾಮ ಬಿತ್ತು. ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ನಕ್ಕವನು ಹುಲಿಗೆಪ್ಪ. ಆ ಮನುಷ್ಯ ಬಗ್ಗಿ ಪೈಜಾಮ ಎತ್ತಿಕೊಳ್ಳಲಿಲ್ಲ. ಎಡಗೈ ಇಳಿಸಿ, ಕಾಲು ಜೋಡಿಸಿ, ಬಲಗೈಯನ್ನು ಹಣೆಗೆ ತಂದು, ಸಿಪಾಯಿ ಹುಲಿಗೆಪ್ಪನಿಗೆ ಸಲಾಮು ಹೊಡೆದು ಕಾದ. ಹುಲಿಗೆಪ್ಪ ಅದಕ್ಕೆ ತಿರುಗಿ ಸಲಾಮು ಹೊಡೆಯಲಿಲ್ಲ. ಮುಂದಿನವನು ಎಂದ. ಆಮೇಲೆ ಕ್ಯಾಪ್ಟನ್ ಅವನನ್ನು ಯಾವತ್ತೂ ಉಸ್ತಾದ್ ಎನ್ನಲಿಲ್ಲ.

ಹದಿನೈದರ ಬೆಳಿಗ್ಗೆ ಹುಲಿಗೆಪ್ಪ ಶಾಲೆಯ ಬಯಲಿಗೆ ಎಲ್ಲರಿಗಿಂತ ಮುಂಚೆ ಹೋಗಿ, ಸುಣ್ಣದ ಗೆರೆ ಹಾಕಿಸುತ್ತಿದ್ದ ಮಡಿವಾಳೆಪ್ಪ ಮಾಸ್ತರರನ್ನು ಬದಿಗೆ ಕರೆದು, ಆಟ ಬೇಡ, ಬರೀ ರುಮಾಲು ಇಟ್ಟರೆ ಆಗದೇ ಎಂದು ಕೇಳಿದ. ಸೋತವರನ್ನು ಜನರೆದುರು ನಿಲ್ಲಿಸಬಾರದೆಂದು ಕಾಯದೆ ಇದೆ ಎಂದೂ ಹೇಳಿದ. ಮಾಸ್ತರರು ಪಾಪ ಒಳ್ಳೆಯವರು. ಬಹಳ ಗಂಭೀರವಾಗಿ ಯೋಚಿಸಿ, ಆದರೆ ರಾಜೇಸಾಬ ಇನ್ನೂ ಸೋತಿಲ್ಲವಲ್ಲ, ಸೋತ ಮೇಲೆ ತಾನೇ ಆ ಕಾಯದೆ ಎಂದರು. ಹುಲಿಗೆಪ್ಪ ಕಟ್ಟಿಗೆಯ ಬಂದೂಕನ್ನು ಹೆಗಲಿಗೇರಿಸಿದ. ಅದಕ್ಕೆ ಬಡಿಗೇರ ಎತ್ತಿನ ಕೋಡಿಗೆ ಬಳಿಯುವ ಬಣ್ಣ ಬಳಿದಿದ್ದ, ಇನ್ನೂ ಒಣಗಿರಲಿಲ್ಲ, ಎರಡು ಸಲ ಒಗೆದ ಅಂಗಿಯ ಭುಜಕ್ಕೆ ಕೆಂಪಾಗಿ ಅಂಟಿಕೊಂಡಿತು.

ಝಂಡಾ ಏರಿತು. ಕಟ್ಟೆಯ ಮೇಲೆ ಕುರ್ಚಿಗಳಲ್ಲಿ ಊರಿನ ಹಿರಿಯರು, ನಡುವೆ ತೊಡೆಯ ಮೇಲೆ ಬಂದೂಕಿಟ್ಟುಕೊಂಡ ಶಂಭುಲಿಂಗಪ್ಪನವರು, ಅವರ ಪಕ್ಕದ ಮೇಜಿನ ಮೇಲೆ ಹಿತ್ತಾಳೆಯ ತಾಟಿನಲ್ಲಿ ಗುಲಾಬಿ ಬಣ್ಣದ ಜರಿ ಅಂಚಿನ ರುಮಾಲು. ಕೇರಿಯವರು ಬೇವಿನ ಮರದ ಕೆಳಗೆ, ತಾವೇ ಗೆರೆ ಎಳೆದುಕೊಂಡವರಂತೆ, ದೂರ ನಿಂತಿದ್ದರು. ಮಾಸ್ತರರು ಮೈಕಿನಲ್ಲಿ ಯುದ್ಧ ಶುರುವಾಯಿತೆಂದು ಸಾರಿದರು. ರಾಜೇಸಾಬ ಕಟ್ಟೆಯ ಎಡಗಡೆಯಿಂದ, ಬೆಳ್ಳಿಯ ಮೂರು ಚಿಕ್ಕಿ ಹೊಳೆಯುವಂತೆ ಭುಜವನ್ನು ಮುಂದೆ ಮಾಡಿ, ನಿಜವಾದ ಅಧಿಕಾರಿಯ ಗತ್ತಿನಲ್ಲಿ ನಡೆದು ಬಂದ. ಹೇಳಿಕೊಟ್ಟದ್ದಕ್ಕಿಂತ ಮುಂಚೆಯೇ ಎರಡೂ ಕೈ ಎತ್ತಿಬಿಟ್ಟ. ಮಕ್ಕಳು ಹೋ ಎಂದರು. ಹಿರಿಯರಲ್ಲೊಬ್ಬರು ಇನ್ನೂ ಮೇಲೆ, ಇನ್ನೂ ಮೇಲೆ ಎಂದು ಕೂಗಿದರು. ರಾಜೇಸಾಬ ಇನ್ನೂ ಮೇಲೆ ಎತ್ತಿದ. ಕಂಕುಳಲ್ಲಿ ಹೊಲಿಗೆ ಪಟಕ್ಕನೆ ಬಿಟ್ಟಿತು. ತಾನೇ ಹಾಕಿದ ಹೊಲಿಗೆ ಬಿಟ್ಟಿತಲ್ಲ ಎಂದು ಅವನ ಮುಖ ಪೆಚ್ಚಾಯಿತು. ಅದನ್ನು ನೋಡಿ ಊರು ಮತ್ತೂ ನಕ್ಕಿತು. ಹುಲಿಗೆಪ್ಪ ಆ ಮುಖ ನೋಡಿದ. ಅವನಿಗೆ ಅಳು ಬಂದಂತಾಯಿತು. ಬಂದೂಕನ್ನು ನೆಲಕ್ಕಿಟ್ಟ, ಕಾಲು ಜೋಡಿಸಿದ, ಬಲಗೈಯನ್ನು ಹಣೆಗೆ ತಂದು ಮೂರು ಚಿಕ್ಕಿಯ ವೈರಿಗೆ ಸಲಾಮು ಹೊಡೆದು ನಿಂತುಬಿಟ್ಟ.

ನಗು ನಿಂತಿತು. ಇದು ಆಟದಲ್ಲಿ ಇದೆಯೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಮಾಸ್ತರರು ಗಾಬರಿಯಾಗಿ ಸನ್ಮಾನ ಎಂದು ಮೈಕಿನಲ್ಲಿ ಕೂಗಿಬಿಟ್ಟರು. ಶಂಭುಲಿಂಗಪ್ಪನವರು ಬಂದೂಕನ್ನು ಪಕ್ಕದವರಿಗೆ ಕೊಟ್ಟು, ರುಮಾಲನ್ನು ಎರಡೂ ಕೈಯ ಬೆರಳ ತುದಿಗಳಲ್ಲಿ ಹಿಡಿದು ಹುಲಿಗೆಪ್ಪನ ಮುಂದೆ ಬಂದರು. ಹಣೆಗೆ ಕೈ ಹಚ್ಚಿ ನಿಂತವನ ತಲೆಗೆ ರುಮಾಲು ಇಡುವುದು ಹೇಗೆ? ಆ ಕೈಯನ್ನು ಹಿಡಿದು ಇಳಿಸಬೇಕು, ಹಿಡಿಯುವವರು ಯಾರು? ಕೈ ಇಳಿಸೆಂದು ಅವರು ಮೆಲ್ಲಗೆ ಹೇಳಿದರು. ಎದುರಿನವನು ಸಲಾಮು ತಿರುಗಿಸುವ ತನಕ ಇಳಿಸುವಂತಿಲ್ಲವೆಂದು ಹುಲಿಗೆಪ್ಪ ಅಷ್ಟೇ ಮೆಲ್ಲಗೆ, ಕಣ್ಣು ಮಿಟುಕಿಸದೆ ಹೇಳಿದ. ಕುರ್ಚಿಯವರೆಲ್ಲ ನೋಡುತ್ತಿದ್ದರು, ಬೇವಿನ ಮರದ ಕೆಳಗಿನವರೂ ನೋಡುತ್ತಿದ್ದರು. ಎತ್ತಿದ ರುಮಾಲನ್ನು ತಿರುಗಿ ತಾಟಿಗಿಟ್ಟರೆ ಅಪಶಕುನ, ನೆಲಕ್ಕಿಟ್ಟರೆ ಅವಮಾನ, ಹಿಡಿದೇ ನಿಲ್ಲೋಣವೆಂದರೆ ಚೇರ್ಮನ್ನರ ತೋಳು ಸೋಲತೊಡಗಿತ್ತು. ಪಕ್ಕದಲ್ಲೇ, ಎತ್ತಿದ ಎರಡು ಕೈಗಳ ನಡುವೆ, ರಾಜೇಸಾಬನ ಬೋಳುತಲೆ ಗೂಟದಂತೆ ಖಾಲಿ ನಿಂತಿತ್ತು. ಅವನ ಮೊಣಕಾಲ ಅಳತೆಗೇ ಸುತ್ತಿದ ರುಮಾಲು. ಶಂಭುಲಿಂಗಪ್ಪನವರು ಅದನ್ನು ಅಲ್ಲಿಟ್ಟು, ರೂಢಿಯ ಬಲದಿಂದ, ನೆತ್ತಿಯ ಮೇಲೆ ಅಂಗೈ ಒತ್ತಿ ಸರಿಪಡಿಸಿಯೂ ಬಿಟ್ಟರು. ರುಮಾಲು ಇಟ್ಟ ಕೂಡಲೇ ತಟ್ಟಬೇಕೆಂದು ಮಕ್ಕಳಿಗೆ ಹೇಳಿಕೊಟ್ಟಿದ್ದರು. ತಟ್ಟಿದವು. ಫಕೀರವ್ವಾಯಿ ಮರದ ಕೆಳಗಿನಿಂದ ಎಲ್ಲರಿಗಿಂತ ಜೋರಾಗಿ ತಟ್ಟಿದಳು. ಬುಂದಿ ಹಂಚುತ್ತಾರೆಂದು ತಿಳಿದು ಬಯಲೆಲ್ಲ ಆ ಕಡೆಗೆ ಓಡಿತು.

ಕಟ್ಟೆ ಖಾಲಿಯಾದರೂ ಇಬ್ಬರೂ ನಿಂತೇ ಇದ್ದರು. ತನ್ನ ರುಮಾಲು ಇನ್ನೊಬ್ಬನ ತಲೆಯ ಮೇಲಿರುವುದನ್ನು ಹುಲಿಗೆಪ್ಪ ನೋಡುತ್ತಿದ್ದ. ಎದೆ ಉರಿಯುತ್ತಿತ್ತು, ಕೈ ಮಾತ್ರ ಇಳಿಯಲೊಲ್ಲದು.

"ಹುಲಿಗೆಪ್ಪಣ್ಣ, ಯಾರು ಗೆದ್ರು ಈಗ?" ಎಂದು ರಾಜೇಸಾಬ ತುಟಿ ಅಲುಗಿಸದೆ ಕೇಳಿದ.

"ಗೊತ್ತಿಲ್ಲೋ ಮಾರಾಯ. ನೀ ಸಲಾಮ ಹೊಡಿ, ನಾ ಕೈ ಇಳಸ್ತೀನಿ."

"ನಾ ಸೋತಾಂವ. ಕೈ ಇಳಸು ಅಂತ ನೀ ಹೇಳಬೇಕು."

"ಇಳಸಪ್ಪ. ನಿನ್ನ ಪಾದಾ ಹಿಡೀತೀನಿ, ಇಳಸು."

ರಾಜೇಸಾಬ ಎಡಗೈ ಇಳಿಸಿದ, ಬಲಗೈಯನ್ನು ರುಮಾಲಿನ ಅಂಚಿಗೆ ತಂದು, ಬಹಳ ಚೆನ್ನಾಗಿ, ಯಾರೂ ಕಲಿಸದೆಯೇ, ಸಲಾಮು ಹೊಡೆದ. ಹುಲಿಗೆಪ್ಪನ ಕೈ ಕೆಳಗಿಳಿಯಿತು. ಹನ್ನೆರಡು ವರ್ಷ ಎತ್ತಿ ಹಿಡಿದ ಕೈ ಎನಿಸಿ ಭುಜವೆಲ್ಲ ನೋಯುತ್ತಿತ್ತು. ಆ ಬಡಕಲು ಮನುಷ್ಯ ಬದುಕಿದ್ದಾನೋ ಇಲ್ಲವೋ, ಅವನಿಗೆ ಇದರಿಂದ ಏನೂ ಆಗಲಿಲ್ಲ ಎನ್ನುವುದು ಹುಲಿಗೆಪ್ಪನಿಗೆ ಗೊತ್ತಿತ್ತು, ಆದರೂ ಕಣ್ಣೊರೆಸಿಕೊಂಡ.

ರುಮಾಲು ತನ್ನ ತಲೆಯ ಮೇಲಿದೆ ಎನ್ನುವುದು ಆಮೇಲಷ್ಟೇ ರಾಜೇಸಾಬನಿಗೆ ಸರಿಯಾಗಿ ಹೊಳೆಯಿತು. ಅವನ ಮುಖ ಬಿಳುಪೇರಿತು. ವೈರಿಯಾದವನು ಊರಿನ ರುಮಾಲು ಹಾಕಿಕೊಂಡು ಮನೆಗೆ ಹೋದನೆಂದು ನಾಳೆ ಯಾರಾದರೂ ಅಂದರೆ, ತನ್ನ ಹೆಂಡತಿ ಶರೀಫಾಬಿ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಬೇಕು ಎಂದ. ತೆಗೆದು ಹುಲಿಗೆಪ್ಪನ ಕೈಗಿಟ್ಟ. ಹುಲಿಗೆಪ್ಪ ಅದನ್ನು ಅಂಗೈಗಳ ಮೇಲೆ ಹೊತ್ತುಕೊಂಡು, ಬುಂದಿ ತಿನ್ನುತ್ತಿದ್ದ ಊರಿನ ನಡುವೆಯೇ ಹಾದು, ಚೇರ್ಮನ್ನರ ಮನೆಯ ಮುಂದೆ ನಿಂತು ಕರೆದ. ಅವರ ಹೆಂಡತಿ ಕಸ್ತೂರೆವ್ವ ತಂಬಿಗೆಯಲ್ಲಿ ನೀರು ಹಿಡಿದು ಹೊರಗೆ ಬಂದಳು. ರುಮಾಲನ್ನು ನೋಡಿದಳು, ಅದು ಯಾರ ತಲೆಯಿಂದ ಇಳಿದು ಯಾರ ಕೈಯಲ್ಲಿದೆ ಎಂದು ನೋಡಿದಳು, ಮೈಲಿಗೆ ಕಳೆಯಲು ಎಷ್ಟು ನೀರು ಚಿಮುಕಿಸಿದರೆ ಸಾಲುತ್ತದೆ ಎಂದು ತಿಳಿಯದೆ ತಂಬಿಗೆಯೊಡನೆ ಹಾಗೇ ನಿಂತಳು. ಶಂಭುಲಿಂಗಪ್ಪನವರು ಹೊಸ್ತಿಲು ದಾಟಿ ಒಂದು ಮೆಟ್ಟಿಲು ಇಳಿದರು, ಎರಡನೆಯದು ಇಳಿಯಲಿಲ್ಲ. ಕೈ ಮುಂದೆ ಬಂತು, ಅರ್ಧಕ್ಕೇ ನಿಂತಿತು, ಹಿಂದೆ ಹೋಯಿತು. ಇಟ್ಟುಕೊಳ್ಳುವಂತಿಲ್ಲ, ಬಿಸಾಕುವಂತಿಲ್ಲ. ಹತ್ತು ಮೊಳದ ಬಟ್ಟೆಯೊಂದು ಆ ದೊಡ್ಡ ಮನುಷ್ಯನನ್ನು ತನ್ನ ಮನೆಯ ಮೆಟ್ಟಿಲ ಮೇಲೆಯೇ ಹಿಡಿದು ನಿಲ್ಲಿಸಿತ್ತು.

"ನೀನ ಇಟ್ಕೊಳೊ ಹುಲಿಗೆಪ್ಪ," ಎಂದರು ಕೊನೆಗೆ. "ಹೆಂಗೂ ನಿನ್ನ ಹೆಸರಿಲೇ ತಂದಿದ್ದು."

ಒಂದು ತಿಂಗಳಿನಿಂದ ಬೇಕಾಗಿದ್ದದ್ದು ಅಂಗೈ ಮೇಲೆ ಇತ್ತು. ರೇಣುಕವ್ವನಿಗೆ ತೋರಿಸಬಹುದಿತ್ತು, ಅವಳೇ ಸುತ್ತುತ್ತಿದ್ದಳು. ಮೆತ್ತಗಿತ್ತು, ಹೊಸ ಬಟ್ಟೆಯ ವಾಸನೆ ಇನ್ನೂ ಇತ್ತು. ಹುಲಿಗೆಪ್ಪ ಮೆಟ್ಟಿಲ ಮೇಲೆ ನಿಂತವರ ಮುಖವನ್ನು ಬಹಳ ಹೊತ್ತು ನೋಡಿದ. ಅಂಥ ಮುಖಗಳನ್ನು ಅವನು ಎರಡು ವರ್ಷ ದಿನಕ್ಕೆರಡು ಸಲ ಎಣಿಸಿದ್ದ. ಗುರುತು ಹತ್ತದೇ ಇರುತ್ತದೆಯೆ? ಅವನಿಗೆ ಸಿಟ್ಟು ಹೊರಟುಹೋಗಿ, ಅದರ ಜಾಗದಲ್ಲಿ ಒಂದು ಬಗೆಯ ಕರುಣೆ ಬಂತು. ರುಮಾಲನ್ನು ಆ ಮನೆಯ ಕಟ್ಟೆಯ ಅಂಚಿಗೆ ಮೆಲ್ಲಗೆ ಇಟ್ಟ.

"ಸೋತವರ ಸಾಮಾನು ಗೆದ್ದವರು ಮುಟ್ಟಬಾರದ್ರಿ, ಸಾವಕಾರ್ರ. ಹಂಗಂತ ಕಾಯದೆ ಐತಿ."

ಹೇಳಿ ಎರಡು ಹೆಜ್ಜೆ ಹಿಂದೆ ಸರಿದು, ಕಾಲು ಜೋಡಿಸಿ, ಅವರ ದರ್ಜೆಗೆ ತಕ್ಕ ಹಾಗೆ ಸಲಾಮು ಹೊಡೆದು ಕಾದ. ಶಂಭುಲಿಂಗಪ್ಪನವರಿಗೆ ಮಾತು ಪೂರ್ತಿ ಅರ್ಥವಾಗಲಿಲ್ಲ, ಆದರೆ ಸಲಾಮು ಅರ್ಥವಾಯಿತು. ಮುಖ ಅರಳಿತು. ಅವರೂ ಕೈಯೆತ್ತಿ ಹಣೆಗೆ ಹಚ್ಚಿದರು. ನಿಯಮ ಮುಗಿಯಿತು. ಹುಲಿಗೆಪ್ಪ ಕೈ ಇಳಿಸಿ, ಹಿಂದಕ್ಕೆ ತಿರುಗಿ, ಕೇರಿಯ ಕಡೆಗೆ ನಡೆದ. ಬೆನ್ನ ಹಿಂದೆ ಚೇರ್ಮನ್ನರು ಹೆಂಡತಿಗೆ ಹೇಳುತ್ತಿದ್ದದ್ದು ಕೇಳಿಸಿತು.

"ನೋಡಿದೇನ? ಮರ್ಯಾದಿ ಅಂದ್ರ ಇದು."